ಗಾಡಿಗೆ ಜನರೇಟರ್: ನ್ಯೂಟ್ರಲ್ ಎಲ್ಲಿ ಕಟ್ಟಬೇಕು?

ಟೆಂಪೊ ಟ್ರಾವೆಲರ್‌ನಲ್ಲಿ ಹಾಸಿಗೆ, ಫ್ರಿಜ್, ಫ್ಯಾನ್ ಕೂಡಿಸಿಕೊಂಡು ಗಾಣಗಾಪುರ, ಬಸವಕಲ್ಯಾಣ, ಬೀದರ್ ಕೋಟೆ ಅಂತ ಸುತ್ತುವವರಿಗೆ ಸಣ್ಣ ಪೆಟ್ರೋಲ್ ಜನರೇಟರ್ ದೊಡ್ಡ ಆಸರೆ. ಇದರ ವೈರಿಂಗನ್ನು ಮನೆ ವೈರಿಂಗ್‌ನಂತೆಯೇ ಮಾಡಿದರೂ ದೀಪ ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ಪೂ ಆಗುತ್ತದೆ. ಆದರೆ ನಿಜವಾಗಿ ಶಾಕ್ ಹೊಡೆದಾಗ ಅದೇ ಆರ್‌ಸಿಸಿಬಿ ಸುಮ್ಮನೆ ಕೂತಿರಬಹುದು. ಯಾಕೆ ಎನ್ನುವುದು ಮುಂದಿದೆ. ಮೊದಲು ಲೆಕ್ಕ.

ಎಷ್ಟು ದೊಡ್ಡ ಜನರೇಟರ್?

ಸಣ್ಣ ಫ್ರಿಜ್ 150 ವ್ಯಾಟ್, ಎರಡು ಫ್ಯಾನ್ 150, ದೀಪಗಳು 40, ಮೊಬೈಲ್–ಲ್ಯಾಪ್‌ಟಾಪ್ ಚಾರ್ಜರ್ 150, ಮಿಕ್ಸರ್ 750. ಎಲ್ಲ ಸೇರಿ 1,240 ವ್ಯಾಟ್. 2.5 ಕೆವಿಎ ಜನರೇಟರ್‌ ಮೇಲೆ ಬರೆದ ಸಂಖ್ಯೆಯನ್ನು 0.8ರಿಂದ ಗುಣಿಸಿದರೆ 2 ಕಿಲೋವ್ಯಾಟ್, ಅಂದರೆ 2,000 ವ್ಯಾಟ್. ಬಿಸಿಲು ನಾಡಿನ ಏಪ್ರಿಲ್–ಮೇ ಸೆಖೆಗೆ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ, ಹಾಗಾಗಿ ಅದರ ಮುಕ್ಕಾಲು ಭಾಗವನ್ನಷ್ಟೇ ನಂಬಿ, ಅಂದರೆ 1,500. ಫ್ರಿಜ್‌ನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮೂರು ಪಟ್ಟಿಗೂ ಹೆಚ್ಚು ಎಳೆಯುತ್ತದೆ. ಮಿಕ್ಸರ್ ನಿಂತಿದ್ದಾಗ ಉಳಿಯುವ ಜಾಗ ಅದಕ್ಕೆ. ಹಳೆ ಮಾದರಿಯ ಒಂದು ಟನ್ ಎಸಿಗೆ ಈ ಜನರೇಟರ್ ಸಾಲದು. ಇಂಡಕ್ಷನ್ ಒಲೆಯ ಆಸೆ ಬಿಟ್ಟುಬಿಡಿ.

ಬೇಕಾಗುವ ಸಾಮಾನು

2.5 ಕೆವಿಎ ಅಂದರೆ 230 ವೋಲ್ಟ್‌ನಲ್ಲಿ ಸುಮಾರು 11 ಆಂಪಿಯರ್. ಅದಕ್ಕೆ 10 ಆಂಪಿಯರ್‌ನ ಡಬಲ್ ಪೋಲ್ (ಎರಡೂ ತಂತಿ ಕಡಿಯುವ) ಎಂಸಿಬಿ (ಕರೆಂಟ್ ಮಿತಿ ಮೀರಿದರೆ ಬೀಳುವ ಸ್ವಿಚ್), 25 ಆಂಪಿಯರ್–30 ಮಿಲಿಆಂಪಿಯರ್‌ನ ಡಬಲ್ ಪೋಲ್ ಆರ್‌ಸಿಸಿಬಿ, ನಡುವೆ ಆಫ್ ಇರುವ 32 ಆಂಪಿಯರ್‌ನ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ (ಜನರೇಟರ್, ಹೊರಗಿನ ಕರೆಂಟ್ ಎರಡರಲ್ಲಿ ಒಂದನ್ನು ಆರಿಸುವುದು). ಚೇಂಜ್‌ಓವರ್ ಫೇಸ್ (ಕರೆಂಟ್ ಬರುವ ತಂತಿ) ಜೊತೆ ನ್ಯೂಟ್ರಲನ್ನೂ (ವಾಪಸ್ ಹೋಗುವ ತಂತಿ) ಬದಲಿಸಬೇಕು. ಸಿಂಗಲ್ ಪೋಲ್ ಅಗ್ಗವೆಂದು ತರಬೇಡಿ.

ವೈರ್ 2.5 ಚದರ ಮಿಲಿಮೀಟರ್‌ನ ತಾಮ್ರದ್ದು, ಸಣ್ಣ ಎಳೆಗಳ ಫ್ಲೆಕ್ಸಿಬಲ್ ವೈರೇ ಆಗಬೇಕು. ಒಂಟಿ ಗಟ್ಟಿ ತಂತಿ ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಹತ್ತಿರವೇ ಮುರಿಯುತ್ತದೆ. ಎಳೆಗಳ ತುದಿಗೆ ಸಣ್ಣ ಲೋಹದ ಕೊಳವೆ ತೊಡಿಸಿ ಇಕ್ಕಳದಿಂದ ಒತ್ತಿ ಬಿಗಿ ಮಾಡಿ (ಕ್ರಿಂಪಿಂಗ್). ಬೆಸುಗೆ ಹಾಕಿ ಸ್ಕ್ರೂ ಕೆಳಗೆ ಕೂಡಿಸುವುದು ಹಳೆ ರೂಢಿ, ತಪ್ಪು ರೂಢಿ: ಒತ್ತಡಕ್ಕೆ ಸೀಸ ಮೆಲ್ಲಗೆ ಜರುಗಿ ಬಿಗಿ ಸಡಿಲಾಗುತ್ತದೆ, ಸಡಿಲಾದ ಜಾಗ ಕಾಯುತ್ತದೆ. ತಗಡಿನ ತೂತಿನಲ್ಲಿ ವೈರ್ ಹಾಯುವಲ್ಲೆಲ್ಲ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಕೂಡಿಸುವ ಬಳೆ).

ಬಣ್ಣದ ಗೊಂದಲ ಒಂದಿದೆ. 230 ವೋಲ್ಟ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಗಾಡಿಯ 12 ವೋಲ್ಟ್‌ನಲ್ಲಿ ಕೆಂಪು ಪಾಸಿಟಿವ್, ಕಪ್ಪು ನೆಗೆಟಿವ್. ಎರಡೂ ಒಂದೇ ಪೈಪ್‌ನಲ್ಲಿ ಹೋದರೆ ಮುಂದೆ ಯಾರೋ ಆಟೊ ಎಲೆಕ್ಟ್ರಿಷಿಯನ್ 12 ವೋಲ್ಟ್ ಎಂದುಕೊಂಡು 230ಕ್ಕೆ ಕೈ ಹಾಕುತ್ತಾನೆ. ಬೇರೆ ಪೈಪ್, ಬೇರೆ ಬಾಕ್ಸ್.

ನ್ಯೂಟ್ರಲ್ ಮತ್ತು ಅರ್ತ್

ಮನೆಗೆ ಬರುವ ಜೆಸ್ಕಾಂ ಲೈನಿನ ನ್ಯೂಟ್ರಲ್ ಟ್ರಾನ್ಸ್‌ಫಾರ್ಮರ್ ಹತ್ತಿರವೇ ಭೂಮಿಗೆ ಸೇರಿರುತ್ತದೆ. ಸಣ್ಣ ಜನರೇಟರ್‌ಗಳಲ್ಲಿ ಹೆಚ್ಚಿನವುಗಳ ನ್ಯೂಟ್ರಲ್ ಯಾವುದಕ್ಕೂ ಸೇರಿರುವುದಿಲ್ಲ. ಹೀಗಿದ್ದಾಗ ಫ್ರಿಜ್‌ನ ಫೇಸ್ ಅದರ ತಗಡಿಗೆ ತಾಗಿದರೂ ಕರೆಂಟ್ ವಾಪಸ್ ಹೋಗಲು ದಾರಿ ಇಲ್ಲ, ಏನೂ ಟ್ರಿಪ್ ಆಗುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಮುಂದೊಂದು ದಿನ ಮಿಕ್ಸರ್‌ನ ನ್ಯೂಟ್ರಲ್ ಕಡೆ ಇನ್ನೊಂದು ಸೋರಿಕೆ ಆಗುತ್ತದೆ. ಒಂದು ಕೈ ಅಲ್ಲಿ, ಒಂದು ಕೈ ಇಲ್ಲಿ ಇಟ್ಟವನ ಮೈಯಲ್ಲಿ ಹರಿದ ಕರೆಂಟ್ ಆರ್‌ಸಿಸಿಬಿ ಮೂಲಕವೇ ಹೋಗಿ ಅದರ ಮೂಲಕವೇ ವಾಪಸ್ ಬರುತ್ತದೆ. ಹೋದದ್ದೂ ಬಂದದ್ದೂ ಸಮ ಇದ್ದರೆ ಆರ್‌ಸಿಸಿಬಿ ಪಾಲಿಗೆ ಎಲ್ಲವೂ ಸರಿ.

ಆದ್ದರಿಂದ ಜನರೇಟರ್ ಕಡೆಯಲ್ಲಿ ನ್ಯೂಟ್ರಲನ್ನು ಅರ್ತ್‌ಗೆ ಒಂದೇ ಒಂದು ಕಡೆ ಸೇರಿಸಬೇಕು. ಜನರೇಟರ್ ಬಂದ್ ಮಾಡಿ ಅದರ ಸಾಕೆಟ್‌ನ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮಲ್ಟಿಮೀಟರ್‌ನ ಬೀಪ್ ಇಟ್ಟು ನೋಡಿ. ಬೀಪ್ ಬಂದರೆ ಕಂಪನಿಯೇ ಕಟ್ಟಿದೆ, ನೀವು ಮುಟ್ಟಬೇಡಿ. ಬರದಿದ್ದರೆ ಮ್ಯಾನ್ಯುಯಲ್ ಓದಿ. ಬೇಡ ಎಂದು ಬರೆದಿರದಿದ್ದರೆ ಕಟ್ಟಿ.

ಕಟ್ಟುವ ಜಾಗ ಮುಖ್ಯ. ಗಾಡಿಯ ಹೊರಮೈಗೆ ಎರಡು ಇನ್‌ಲೆಟ್ ಕೂಡಿಸಿ: ಜನರೇಟರ್‌ಗೆ 16 ಆಂಪಿಯರ್‌ನ ನೀಲಿ ಇಂಡಸ್ಟ್ರಿಯಲ್ ಇನ್‌ಲೆಟ್, ಧರ್ಮಶಾಲೆ ಅಥವಾ ಬಂಧುಗಳ ಮನೆಯಿಂದ ತರುವ ಕರೆಂಟಿಗೆ 32 ಆಂಪಿಯರ್‌ನದು. ಅಳತೆ ಬೇರೆಯಾದ್ದರಿಂದ ಕತ್ತಲಲ್ಲೂ ಒಂದರ ಪ್ಲಗ್ ಇನ್ನೊಂದಕ್ಕೆ ಕೂಡುವುದಿಲ್ಲ. 32ರ ಇನ್‌ಲೆಟ್ ಹಿಂದೆ ಮನೆ ಸಾಕೆಟ್ಟಿಗೆ ಹೊಂದುವ 16 ಆಂಪಿಯರ್‌ನ ಡಬಲ್ ಪೋಲ್ ಎಂಸಿಬಿ ಇರಲಿ. ನ್ಯೂಟ್ರಲ್–ಅರ್ತ್ ಲಿಂಕ್ ಜನರೇಟರ್ ಇನ್‌ಲೆಟ್ ಮತ್ತು ಚೇಂಜ್‌ಓವರ್ ನಡುವಿನ ಬಾಕ್ಸ್‌ನಲ್ಲಿ ಮಾತ್ರ. ಅದನ್ನು ಚೇಂಜ್‌ಓವರ್ ದಾಟಿ ಒಳಗಿನ ಬೋರ್ಡಿನಲ್ಲಿ ಹಾಕಿದರೆ ಮನೆ ಕರೆಂಟ್ ಕೊಟ್ಟಾಗಲೂ ಲಿಂಕ್ ಹಾಗೇ ಉಳಿಯುತ್ತದೆ. ನ್ಯೂಟ್ರಲ್ ಕರೆಂಟ್ ಗಾಡಿಯ ತಗಡಿನಲ್ಲಿ ಹರಿಯುತ್ತದೆ, ಆ ಮನೆಯ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ.

ಚೇಂಜ್‌ಓವರ್‌ನಿಂದ ಆರ್‌ಸಿಸಿಬಿ, ಅಲ್ಲಿಂದ 10 ಆಂಪಿಯರ್ ಎಂಸಿಬಿ, ಆಮೇಲೆ ಸಾಕೆಟ್‌ಗಳು. ಎಲ್ಲ ಹಸಿರು ವೈರ್ ಒಂದು ಅರ್ತ್ ಬಾರ್‌ಗೆ, ಬಾರ್‌ನಿಂದ 6 ಚದರ ಮಿಲಿಮೀಟರ್ ವೈರ್ ಗಾಡಿಯ ಚಾಸಿಗೆ (ಕಬ್ಬಿಣದ ಚೌಕಟ್ಟಿಗೆ). ಬೋಲ್ಟ್ ಕೂಡಿಸುವಲ್ಲಿ ಬಣ್ಣ ಕೆರೆದು ಬರಿ ಲೋಹ ಕಾಣಿಸಬೇಕು. ಬ್ಯಾಟರಿಯ ಇನ್ವರ್ಟರ್ ಇದ್ದರೆ ಅದಕ್ಕೆ ಬೇರೆ ಸಾಕೆಟ್. ಅದರ ಔಟ್‌ಪುಟ್ ಜನರೇಟರ್ ಲೈನಿಗೆ ಸೇರಿದರೆ ಇನ್ವರ್ಟರ್ ಸುಡುತ್ತದೆ. ಎರಡೂ ತುದಿಗೆ ಗಂಡು ಪ್ಲಗ್ ಇರುವ ವೈರನ್ನು ಕಂಡರೆ ಕತ್ತರಿಸಿ ಎಸೆಯಿರಿ.

ಅರ್ತ್‌ಗಾಗಿ ಭೂಮಿಗೆ ಸಲಾಕೆ ಹೊಡೆಯಬೇಕೇ? ಗಾಡಿಯೊಳಗಿನ ಸಾಮಾನಿಗಷ್ಟೇ ಆದರೆ ಚಾಸಿ ಸಾಕು. ಜಾತ್ರೆಯಲ್ಲಿ ಹೊರಗೆ ದೀಪ, ಪಂಪ್ ಕೊಡುವುದಾದರೆ ಅರ್ತ್ ಸಲಾಕೆ ಬೇಕು. ಕಲಬುರಗಿ, ಯಾದಗಿರಿಯ ಎರೆ ಮಣ್ಣು ಹಸಿಯಿದ್ದಾಗ ಒಳ್ಳೆಯದು, ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಲಾಕೆಯ ಸುತ್ತ ಗಾಳಿಯೇ ಉಳಿಯುತ್ತದೆ. ಒಂದು ಕೊಡ ನೀರು ಸುರಿಯಿರಿ. ಬೀದರ್‌ನ ಕೆಂಪು ಜಂಬಿಟ್ಟಿಗೆಯಲ್ಲಿ ಸುತ್ತಿಗೆ ಹೊಡೆದು ಕೈ ನೋಯುತ್ತದೆ, ಸಲಾಕೆ ಇಳಿಯದು. ಅಲ್ಲಿ ಹೊರಗಿನ ವೈರಿಂಗ್ ಕೈಬಿಡುವುದೇ ಮೇಲು.

ಹೊಗೆ

ಜನರೇಟರ್ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಏಳುವುದಿಲ್ಲ. ಚಾಲೂ ಮಾಡುವಾಗ ಗಾಡಿಯಿಂದ ಕನಿಷ್ಠ 6 ಮೀಟರ್ ದೂರ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ ಇಡಿ, ಹೊಗೆ ಕೊಳವೆ ಗಾಡಿಗೆ ಬೆನ್ನು ಮಾಡಿರಲಿ. ಅದಕ್ಕಾಗಿ 10 ಮೀಟರ್‌ನ ಮೂರು ಕೋರ್ ರಬ್ಬರ್ ಕೇಬಲ್ ಬೇಕು, ಅದೂ 2.5 ಚದರ ಮಿಲಿಮೀಟರ್‌ನದ್ದೇ. ಒಳಗೆ ಮಲಗುವ ಎತ್ತರದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿ. ಅಡುಗೆ ಗ್ಯಾಸ್ ಸೋರಿಕೆ ಅಲಾರಂ ಇದನ್ನು ಹಿಡಿಯುವುದಿಲ್ಲ. ಪೆಟ್ರೋಲ್ ಹಾಕುವಾಗ ಎಂಜಿನ್ ಬಂದ್ ಮಾಡಿ ಹದಿನೈದು ನಿಮಿಷ ಆರಲು ಬಿಡಿ. ಗಾಡಿಗೇ ತೂತು ಕೊರೆದು ಜನರೇಟರ್ ಕೂಡಿಸುವ ಯೋಚನೆ ಇದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿಗೆ ಸಂಬಂಧಿಸಿದ್ದು.

ಪರೀಕ್ಷೆ

ಎಲ್ಲ ಬಂದ್ ಇರುವಾಗ ಪ್ರತಿ ಸಾಕೆಟ್‌ನ ಅರ್ತ್‌ನಿಂದ ಚಾಸಿಗೆ 1 ಓಮ್‌ಗಿಂತ ಕಡಿಮೆ ಬರಬೇಕು. ಆಮೇಲೆ ಜನರೇಟರ್ ಚಾಲೂ ಮಾಡಿ ಅಳೆಯಿರಿ. ಫೇಸ್–ನ್ಯೂಟ್ರಲ್ 230, ಫೇಸ್–ಅರ್ತ್ 230, ನ್ಯೂಟ್ರಲ್–ಅರ್ತ್ ಹತ್ತಿರಹತ್ತಿರ ಸೊನ್ನೆ. ಫೇಸ್–ಅರ್ತ್ ಮತ್ತು ನ್ಯೂಟ್ರಲ್–ಅರ್ತ್ ಎರಡೂ ಸುಮಾರು 115 ತೋರಿಸಿದರೆ ನ್ಯೂಟ್ರಲ್ ಇನ್ನೂ ತೇಲುತ್ತಿದೆ ಎಂದರ್ಥ, ಲಿಂಕ್ ಕೂತಿಲ್ಲ.

ಆರ್‌ಸಿಸಿಬಿಯ ಮೇಲಿನ ಟೆಸ್ಟ್ ಬಟನ್‌ನ್ನೇ ನಂಬಿ ಮುಗಿಸಬೇಡಿ. ಅದು ಫೇಸ್‌ನಿಂದ ನ್ಯೂಟ್ರಲ್‌ಗೆ ಒಳಗೊಳಗೇ ಸ್ವಲ್ಪ ಕರೆಂಟ್ ಹರಿಸುತ್ತದೆ, ಅರ್ತ್ ಇಲ್ಲದಿದ್ದರೂ ಟ್ರಿಪ್ ಮಾಡುತ್ತದೆ. ಆರ್‌ಸಿಡಿ (ಆರ್‌ಸಿಸಿಬಿ ತರಹದ ಸ್ವಿಚ್‌ಗಳ ಸಾಮಾನ್ಯ ಹೆಸರು) ಬಟನ್ ಇರುವ ಸಾಕೆಟ್ ಟೆಸ್ಟರ್ ಸಿಕ್ಕಿಸಿ ಒತ್ತಿದಾಗ ಮಾತ್ರ ಕರೆಂಟ್ ಫೇಸ್‌ನಿಂದ ಅರ್ತ್‌ಗೆ ಹೋಗುತ್ತದೆ. ಅದಕ್ಕೆ ಟ್ರಿಪ್ ಆದರೆ ಸರಿ. ಇದೇ ಟೆಸ್ಟರನ್ನು ಹೊರಗಿನ ಕರೆಂಟ್ ತೆಗೆದುಕೊಳ್ಳುವ ಮುಂಚೆ ಅವರ ಸಾಕೆಟ್‌ಗೂ ಹಾಕಿ ನೋಡಿ; ಫೇಸ್–ನ್ಯೂಟ್ರಲ್ ಅದಲುಬದಲು, ಅರ್ತ್ ಖಾಲಿ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಮೊದಲ ಪ್ರಯಾಣ ಮುಗಿದ ಕೂಡಲೇ ಎರಡೂ ಪ್ಲಗ್ ತೆಗೆದು, ಬೋರ್ಡ್ ಬಿಚ್ಚಿ ಪ್ರತಿ ಸ್ಕ್ರೂಗೂ ಸ್ಕ್ರೂಡ್ರೈವರ್ ತಾಗಿಸಿ. ಒಂದಾದರೂ ಕಾಲು ಸುತ್ತು ತಿರುಗಿದರೆ ಆ ವೈರಿನ ತುದಿ ಹೊರಗೆ ಎಳೆದು ನೋಡಿ: ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ತುದಿ ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ.