ಓದಿದ ಮೇಲೆ ಸಹಿ

ಏಳನೇ ತರಗತಿಯ ಹುಡುಗಿಯೊಬ್ಬಳು ಸಮವಸ್ತ್ರದ ಅಳತೆ ಕೊಡಲು ನಮ್ಮ ಮನೆಗೆ ಬಂದಿದ್ದಳು. ಶಾಲೆಯಿಂದ ನೇರವಾಗಿ ಬಿಸಿಲಲ್ಲಿ ನಡೆದು ಬಂದಿದ್ದಾಳೆಂದು ಒಂದು ಚೊಂಬು ನೀರು ಕೊಟ್ಟೆ. ಗಟಗಟನೆ ಕುಡಿದು ಇನ್ನೊಂದು ಚೊಂಬು ಕೇಳಿದಳು. ‘ಶಾಲೆಯಲ್ಲಿ ನೀರಿಲ್ಲವೇನಮ್ಮ?’ ಎಂದೆ. ‘ಇದೆ ಚಿಕ್ಕಮ್ಮ, ನಾವೇ ಕುಡಿಯುವುದಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಶೌಚಾಲಯಕ್ಕೆ ಬೀಗ ಹಾಕಿರುತ್ತಾರೆ’ ಎಂದಳು. ಅವಳ ತೋಳಿನ ಅಳತೆ ತೆಗೆಯುತ್ತಿದ್ದವಳಿಗೆ ಲೆಕ್ಕ ತಪ್ಪಿಹೋಯಿತು. ನನ್ನ ಮಗಳು ಆಗ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ. ದೊಡ್ಡವಳಾದ ಮೇಲೆ ಅವಳಿಗೂ ಇದೇ ಪಾಡು.

ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ಹೊಲಿಗೆ ನನ್ನ ಕಸುಬು. 2022ರ ಜುಲೈನಲ್ಲಿ ನಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅವಧಿ ಮುಗಿದು ಹೊಸದಾಗಿ ರಚನೆಯಾಗಬೇಕಿತ್ತು. ನಾನು ನಿಲ್ಲುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಯಜಮಾನರು ಕೇಳಿದ್ದು ಒಂದೇ ಮಾತು: ‘ಅದಕ್ಕೆಲ್ಲ ಹೆಸರು ಆಗಲೇ ಬರೆದಾಗಿದೆಯಲ್ಲ?’

ಅವರು ಹೇಳಿದ್ದು ನಿಜವಾಗಿತ್ತು. ನಮ್ಮೂರಿನಲ್ಲಿ ಪಟ್ಟಿ ಸಿದ್ಧವಾಗುತ್ತಿದ್ದದ್ದು ಅರಳಿಕಟ್ಟೆಯ ಮೇಲೆ. ಮರುದಿನ ಶಾಲೆಯಲ್ಲಿ ಅದನ್ನು ಓದಿ ‘ಅವಿರೋಧ ಆಯ್ಕೆ’ ಎಂದು ಬರೆಯುತ್ತಿದ್ದರು. ಕಟ್ಟೆಯ ಮೇಲೆ ಕೂತು ಹೆಸರು ಹೇಳುತ್ತಿದ್ದವರಲ್ಲಿ ಹಲವರ ಮಕ್ಕಳು ಬೆಳಗಾದರೆ ಕಾನ್ವೆಂಟಿನ ಹಳದಿ ವ್ಯಾನು ಹತ್ತುತ್ತಿದ್ದರು. ಕಾನೂನು ಹಾಗಿಲ್ಲ. 2001ರಲ್ಲಿ ನಮ್ಮ ರಾಜ್ಯದಲ್ಲಿ ಈ ಸಮಿತಿಗಳು ಬಂದದ್ದೇ ಪೋಷಕರ ಕೈಗೆ ಶಾಲೆ ಕೊಡುವುದಕ್ಕೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಅದನ್ನು ಇನ್ನೂ ಗಟ್ಟಿ ಮಾಡಿತು. ಸಮಿತಿಯ ಮುಕ್ಕಾಲು ಪಾಲು ಆ ಶಾಲೆಯ ಮಕ್ಕಳ ತಂದೆ ತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದವರ, ಬಡವರ ಮಕ್ಕಳ ಪೋಷಕರಿಗೆ ಪ್ರಮಾಣಕ್ಕೆ ತಕ್ಕ ಜಾಗ ಸಿಗಬೇಕು. ನಮ್ಮಲ್ಲಿ ಪೋಷಕರಿಂದ ಆರಿಸಬೇಕಾದವರು 18 ಮಂದಿ. ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆ ಮನೆಗೆ ಹೋದೆ.

ನಾನು ಮತ ಕೇಳಲಿಲ್ಲ, ‘ಸಭೆಗೆ ಬನ್ನಿ’ ಎಂದಷ್ಟೇ ಕೇಳಿದೆ. ಅಡಿಕೆ ಸುಲಿಯುತ್ತಿದ್ದ ಹೆಂಗಸರು ‘ಹನ್ನೊಂದು ಗಂಟೆಗೆ ಸಭೆ ಇಟ್ಟರೆ ಕೂಲಿ ಬಿಟ್ಟು ಹೇಗೆ ಬರುವುದು?’ ಎಂದರು. ಮುಖ್ಯ ಶಿಕ್ಷಕರ ಹತ್ತಿರ ಹೋಗಿ, ‘ಮೇಷ್ಟ್ರೇ, ಸಭೆಯನ್ನು ಸಂಜೆ ಐದಕ್ಕೆ ಇಡಿ’ ಎಂದು ಲಿಖಿತವಾಗಿಯೇ ಕೇಳಿದೆ. ಅವರು ಸ್ವಲ್ಪ ಯೋಚಿಸಿ ಒಪ್ಪಿದರು. ನನ್ನ ಚುನಾವಣೆ ಗೆದ್ದದ್ದು ಆ ಕ್ಷಣದಲ್ಲೇ ಎಂದು ಈಗಲೂ ನಂಬಿದ್ದೇನೆ. ಹಿಂದಿನ ಸಲ ಇಪ್ಪತ್ತು ಜನ ಸೇರಿದ್ದ ಕೊಠಡಿಯಲ್ಲಿ ಆ ಸಂಜೆ ಕಿಟಕಿಯ ಆಚೆಯೂ ಜನ ನಿಂತಿದ್ದರು. ಇದ್ದ ಸ್ಥಾನಕ್ಕಿಂತ ಹೆಚ್ಚು ಹೆಸರು ಬಂದವು, ಚೀಟಿ ಹಾಕಬೇಕಾಯಿತು. ಗೆದ್ದ 18 ಮಂದಿ ಸೇರಿ ಅಧ್ಯಕ್ಷರನ್ನು ಆರಿಸುವಾಗ ನನಗೆ ಹತ್ತು ಮತ, ಇನ್ನೊಬ್ಬರಿಗೆ ಎಂಟು. ಆ ಇನ್ನೊಬ್ಬರನ್ನು ಅಲ್ಲೇ ಉಪಾಧ್ಯಕ್ಷರಾಗಿ ಎಂದು ಕೇಳಿಕೊಂಡೆ. ಊರಿನಲ್ಲಿ ನಾಳೆಯೂ ಮುಖ ನೋಡಬೇಕಾದವರು ನಾವು. ಮೂರು ವರ್ಷ ಅವರು ನನ್ನ ಜೊತೆ ಗಟ್ಟಿಯಾಗಿ ನಿಂತರು.

ಮೊದಲ ಸಭೆಯ ಹಿಂದಿನ ದಿನ ನಡಾವಳಿ ಪುಸ್ತಕ ತರಿಸಿಕೊಂಡು ನೋಡಿದೆ. ಹಳೆಯ ಪುಟಗಳಲ್ಲಿ ಕೆಲವದರ ಕೆಳಗೆ ಸಾಲಾಗಿ ಸಹಿಗಳು, ಹೆಬ್ಬೆಟ್ಟಿನ ನೀಲಿ ಗುರುತುಗಳು ಇದ್ದವು, ಮೇಲೆ ಒಂದು ಅಕ್ಷರವೂ ಇರಲಿಲ್ಲ. ಪುಸ್ತಕವನ್ನು ಒಬ್ಬ ಹುಡುಗನ ಕೈಯಲ್ಲಿ ಮನೆ ಮನೆಗೆ ಕಳಿಸಿ ಸಹಿ ತರಿಸುವ ಪದ್ಧತಿ ಇತ್ತಂತೆ. ಮೇಷ್ಟ್ರ ಮೇಲೆ ತಪ್ಪು ಹೊರಿಸಲಾರೆ. ಸಭೆಗೆ ಯಾರೂ ಬರುತ್ತಿರಲಿಲ್ಲ, ವರದಿ ಮಾತ್ರ ಹೋಗಲೇಬೇಕಿತ್ತು. ಅನುದಾನ ಬರುವುದು ತಡವಾದಾಗ ಸುಣ್ಣಬಣ್ಣಕ್ಕೂ ಸೀಮೆಸುಣ್ಣಕ್ಕೂ ಕೈಯಿಂದ ಹಣ ಹಾಕಿದ್ದವರು ಅವರು. ಆದರೂ ಅಂದು ನಾನು ಎರಡು ಮಾತು ಹೇಳಿದೆ. ಒಂದು, ನಡಾವಳಿಯನ್ನು ಸಭೆಯಲ್ಲೇ ಬರೆದು, ಗಟ್ಟಿಯಾಗಿ ಓದಿದ ಮೇಲೆ ಸಹಿ. ಎರಡು, ಹಣ ತೆಗೆಯುವ ಕಾಗದಕ್ಕೆ ನನ್ನ ಮತ್ತು ಮೇಷ್ಟ್ರ ಸಹಿ ಎರಡೂ ಬೇಕಲ್ಲ, ಖಾಲಿ ಕಾಗದಕ್ಕೆ ನಾನು ಎಂದೂ ಸಹಿ ಹಾಕುವುದಿಲ್ಲ. ಕೊಠಡಿ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಮೇಷ್ಟ್ರೇ ಪೆನ್ನು ತೆಗೆದು ‘ಸರಿ, ಹೇಳಿ, ಬರೆಯುತ್ತೇನೆ’ ಎಂದರು.

ಮೊದಲ ಠರಾವು ಶೌಚಾಲಯದ್ದು. ಬೀಗ ಹಾಕಿದ್ದೇಕೆಂದರೆ ಒಳಗೆ ನೀರಿರಲಿಲ್ಲ. ನೀರಿಲ್ಲದ್ದನ್ನು ತೆರೆದಿಟ್ಟರೆ ಗಲೀಜು, ಗಲೀಜಾದರೆ ತೊಳೆಯುವವರಿಲ್ಲ. ನೂರರ ಮೇಲೆ ಮಕ್ಕಳಿದ್ದ ನಮ್ಮ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕದಲ್ಲಿ ವರ್ಷದ ಶಾಲಾ ಅನುದಾನ 50,000 ರೂಪಾಯಿ, ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೇ ಹೋಗಬೇಕು. ಆ ಐದು ಸಾವಿರದಲ್ಲಿ 500 ಲೀಟರಿನ ಕಪ್ಪು ಟ್ಯಾಂಕು ಬಂತು. ಪೈಪು ಎಳೆಯಬೇಕಾದದ್ದು ಗ್ರಾಮ ಪಂಚಾಯಿತಿ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮುಂದೆ ಮೂರು ಸಲ ಬಾಯಲ್ಲಿ ಹೇಳಿದೆ, ಆಗಲಿಲ್ಲ. ಠರಾವಿನ ನಕಲು ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ, ಕಡತ ಅಲುಗಾಡಿತು. ಆದರೆ ಕೆಲಸ ನಿಜವಾಗಿ ಆದದ್ದು ಮಕ್ಕಳ ಗ್ರಾಮಸಭೆಯಲ್ಲಿ. ನನ್ನ ಮನೆಯಲ್ಲಿ ಎರಡು ಚೊಂಬು ನೀರು ಕುಡಿದ ಹುಡುಗಿಯೇ ಎದ್ದು ನಿಂತು ಎಲ್ಲರ ಎದುರು ಕೇಳಿದಳು. ಹದಿನೈದು ದಿನದಲ್ಲಿ ನಲ್ಲಿ ಬಂತು.

ಬೇಳೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅಲ್ಲಿ ನಾನು ತಪ್ಪಿದೆ. ಸಾರು ನೀರಾಗಿರುತ್ತದೆ ಎಂದು ತಾಯಂದಿರು ದೂರುತ್ತಿದ್ದರು. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 20 ಗ್ರಾಂ ಬೇಳೆ, ಅದರ ಮೇಲಿನ ತರಗತಿಯವರಿಗೆ 30 ಗ್ರಾಂ. ಒಂದು ದಿನ ಮನೆಯಿಂದ ತಕ್ಕಡಿ ಹೊತ್ತುಕೊಂಡು ಹೋದೆ. ಅಂದು ಹಾಜರಿ ಕೆಳಗಿನ ತರಗತಿಗಳಲ್ಲಿ 68, ಮೇಲೆ 35. ಬೀಳಬೇಕಾದದ್ದು 2 ಕೆ.ಜಿ. 410 ಗ್ರಾಂ. ಅಡುಗೆಯ ಅಕ್ಕ ಡಬ್ಬದಲ್ಲಿ ಅಳೆದು ಸುರಿದಿದ್ದನ್ನು ತೂಗಿದರೆ ಎರಡು ಕೆ.ಜಿ.ಯೂ ಇರಲಿಲ್ಲ. ನಾನು ಏನೂ ಅನ್ನಲಿಲ್ಲ. ಆದರೆ ನನ್ನ ಮುಖದಲ್ಲಿ ಕಂಡದ್ದು ಅವರಿಗೆ ಸಾಕಾಯಿತು. ಸೆರಗಿನಿಂದ ಕೈ ಒರೆಸಿಕೊಂಡು, ನನ್ನನ್ನು ದಾಸ್ತಾನು ಕೋಣೆಗೆ ಕರೆದುಕೊಂಡು ಹೋಗಿ, ಅಂದೇ ಬಂದಿದ್ದ, ಇನ್ನೂ ಹೊಲಿಗೆ ಬಿಚ್ಚದ ಚೀಲವನ್ನು ತೋರಿಸಿ ‘ಇದನ್ನೂ ತೂಗಿ ನೋಡಮ್ಮ’ ಎಂದರು. 50 ಕೆ.ಜಿ. ಎಂದು ಬರೆದಿದ್ದ ಚೀಲದಲ್ಲಿ ಮೂರು ಕೆ.ಜಿ. ಕಡಿಮೆ ಇತ್ತು. ‘ಪುಸ್ತಕದಲ್ಲಿ ಪೂರ್ತಿ ಬಂದಿದೆ ಎಂದಿರುತ್ತದೆ. ತಿಂಗಳ ಕೊನೆಗೆ ಬೇಳೆ ಮುಗಿದರೆ ಮಾತು ಕೇಳುವವಳು ನಾನು. ಅದಕ್ಕೇ ದಿನಾ ಒಂದು ಹಿಡಿ ಕಡಿಮೆ ಹಾಕಿ ಕೊನೆಯವರೆಗೂ ತೂಗಿಸುತ್ತೇನೆ’ ಎಂದರು. ಹೊಗೆಗೆ ಅವರ ಕಣ್ಣು ಕೆಂಪಾಗಿತ್ತೋ, ಅಳುವಿಗೋ ತಿಳಿಯಲಿಲ್ಲ. ಮುಂದಿನ ಸಭೆಗೆ ಅವರನ್ನೂ ಕರೆದು ಕೂರಿಸಿ, ಅನುಮಾನಪಟ್ಟದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳಿದೆ.

ಅಂದಿನಿಂದ ಚೀಲ ಬಂದ ಕೂಡಲೇ, ತಂದವರ ಎದುರಿಗೇ ತೂಗಿ, ಇದ್ದಷ್ಟನ್ನೇ ದಾಸ್ತಾನು ಪುಸ್ತಕದಲ್ಲಿ ಬರೆದು ಸಹಿ ಹಾಕಿದೆವು. ಕಡಿಮೆ ಇದ್ದರೆ ಕಡಿಮೆ ಎಂದೇ ಬರೆದೆವು. ಮೂರನೇ ತಿಂಗಳಿನಿಂದ ಚೀಲಗಳು ಪೂರ್ತಿ ತೂಗತೊಡಗಿದವು. 2024ರಲ್ಲಿ ಮೊಟ್ಟೆ ವಾರಕ್ಕೆ ಆರು ದಿನವಾದಾಗ ಎಣಿಸುವುದು ನಮಗೆ ಆಗಲೇ ರೂಢಿಯಾಗಿತ್ತು. ತಾಯಂದಿರು ಸರದಿಯ ಮೇಲೆ ಬಂದು, ಬಡಿಸುವ ಮುಂಚೆ ಊಟದ ರುಚಿ ನೋಡಿ ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದರು. ಬರೆಯಲು ಬಾರದ ಒಬ್ಬರಿಗೆ ಮೂರನೇ ತರಗತಿಯ ಮಗನೇ ಹೆಸರು ಬರೆಯಲು ಕಲಿಸಿದ.

ಆಗದೆ ಉಳಿದದ್ದು ಗಣಿತದ ಮೇಷ್ಟ್ರ ವಿಷಯ. ವರ್ಗಾವಣೆಯಾಗಿ ಹೋದವರ ಜಾಗಕ್ಕೆ ಕಾಯಂ ಶಿಕ್ಷಕರು ಬರಲೇ ಇಲ್ಲ. ಅತಿಥಿ ಶಿಕ್ಷಕರು ಸಿಗುವವರೆಗೆ ಎರಡು ತಿಂಗಳು ಆರು, ಏಳನೇ ತರಗತಿಗೆ ಗಣಿತವೇ ನಡೆಯಲಿಲ್ಲ. ಸಮಿತಿಗೆ ಹುದ್ದೆ ಸೃಷ್ಟಿಸುವ ಅಧಿಕಾರವಿಲ್ಲ, ಕೇಳುವ ಅಧಿಕಾರ ಮಾತ್ರ ಇದೆ. ಕೇಳಿದೆವು, ಆರು ಸಲ ಬರೆದೆವು. ಆ ಎರಡು ತಿಂಗಳನ್ನು ಆ ಮಕ್ಕಳಿಗೆ ಯಾರೂ ಮರಳಿ ಕೊಡಲಾರರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮೂರಿನ ಸಮಿತಿಗೆ ನಿಲ್ಲುವ ಯೋಚನೆ ನಿಮಗಿದ್ದರೆ, ಪತ್ರದ ನಕಲನ್ನು ಮೊದಲ ದಿನದಿಂದಲೇ ಇಟ್ಟುಕೊಳ್ಳಿ. ನಾನು ಮೊದಲ ಎರಡು ಪತ್ರಕ್ಕೆ ನಕಲು ಇಟ್ಟಿರಲಿಲ್ಲ, ಮತ್ತೆ ಒಂದರಿಂದ ಆರಂಭಿಸಬೇಕಾಯಿತು.

2025ರಲ್ಲಿ ನನ್ನ ಅವಧಿ ಮುಗಿಯಿತು. ಹೊಸ ಅಧ್ಯಕ್ಷೆ ಅಡಿಕೆ ಸುಲಿಯುವ ಕೆಲಸದವರು, ಮೊದಲ ವರ್ಷ ಸಂಜೆಯ ಸಭೆಗೆಂದು ಬಂದವರಲ್ಲಿ ಒಬ್ಬರು. ಒಪ್ಪಿಸುವ ವಸ್ತುಗಳ ಪಟ್ಟಿ ಬರೆದೆವು: ನಡಾವಳಿ ಪುಸ್ತಕ ಎರಡು, ಪಾಸ್ ಪುಸ್ತಕ, ದಾಸ್ತಾನು ಪುಸ್ತಕ, ತಕ್ಕಡಿ, ಗಣಿತ ಶಿಕ್ಷಕರ ಪತ್ರಗಳ ಕಡತ. ಶೌಚಾಲಯದ ಬೀಗದ ಕೈಯನ್ನು ಬರೆಯಲಿಲ್ಲ. ಬೀಗ ತೆಗೆದು ಎರಡೂವರೆ ವರ್ಷವಾಗಿತ್ತು. ಸಹಿ ಹಾಕಿ ಎಂದು ಪುಸ್ತಕ ಮುಂದಿಟ್ಟಾಗ ಅವರು ಪೆನ್ನು ಮುಟ್ಟಲಿಲ್ಲ. ‘ನನಗೆ ಓದು ನಿಧಾನ ಅಕ್ಕ, ಕೂತುಕೊಳ್ಳಿ’ ಎಂದರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು. ತಡೆದಲ್ಲಿ ನಾನು ಹೇಳಿಕೊಟ್ಟೆ. ಗಣಿತದ ಕಡತಕ್ಕೆ ಬರುವ ಹೊತ್ತಿಗೆ ಬೀದಿಯ ದೀಪ ಹತ್ತಿತ್ತು, ಮೇಷ್ಟ್ರು ಎದ್ದು ಕೊಠಡಿಯ ದೀಪ ಹಾಕಿದರು.