ಬನಿಯನ್ನಿಗೂ ಇಸ್ತ್ರಿ ಮಾಡಿ

ನಮ್ಮ ಬೀದರಿನ ಮಂಗಲಪೇಟೆಯ ಒಂದು ಜೋಡಿ, ಹೊಸದಾಗಿ ಮದುವೆಯಾದವರು, ಮಿಷನ್ ಸೇವೆಗೆ ಆಫ್ರಿಕಾದ ಜಾಂಬಿಯಾಕ್ಕೆ ಹೊರಟಿದ್ದಾರೆ. ಮೊನ್ನೆ ಮನೆಗೆ ಬಂದು "ಆಯಿ, ಏನೇನು ಒಯ್ಯಬೇಕು ಹೇಳ್ರಿ" ಅಂದರು. ನಾನೂ ನಮ್ಮ ಮನೆಯವರೂ ಅಲ್ಲಿ ಒಂಬತ್ತು ವರ್ಷ ಇದ್ದು ಬಂದವರು. ಚರ್ಚಿನಲ್ಲಿ ಪ್ರಸಂಗ ಮಾಡೋದು ಹೇಗೆ ಅಂತ ಅವರನ್ನು ಕೇಳಿ, ಮನೆ ನಡೆಸೋದು ಹೇಗೆ ಅಂತ ನನ್ನನ್ನು ಕೇಳಿ.

ಮೊದಲು ಇಸ್ತ್ರಿ. ನಗಬೇಡಿ. ಅಲ್ಲಿ ಪುಟ್ಸಿ ಅಂತ ಒಂದು ನೊಣ ಇದೆ. ಹೊರಗೆ ಒಣಹಾಕಿದ ಹಸಿ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಆ ಬಟ್ಟೆ ಮೈಗೆ ಹಾಕಿದರೆ ಮರಿಹುಳ ಚರ್ಮದೊಳಗೆ ಹೊಕ್ಕು ಕುರು ಎದ್ದ ಹಾಗೆ ಆಗುತ್ತದೆ. ಮೊದಲನೇ ಮಳೆಗಾಲದಲ್ಲಿ ನಾನು, ಬನಿಯನ್ನಿಗೆ ಯಾರಪ್ಪ ಇಸ್ತ್ರಿ ಮಾಡ್ತಾರೆ ಅಂತ ಸುಮ್ನೆ ಮಡಚಿ ಇಟ್ಟೆ, ಸ್ವಲ್ಪ ದಿನಕ್ಕೆ ಇವರ ಬೆನ್ನಿನ ಮೇಲೆ ನಾಲ್ಕು ಕುರು. ಪಕ್ಕದ ಮನೆಯಾಕೆ ಬಂದು ನೋಡಿ ನಕ್ಕು, ವ್ಯಾಸಲೀನ್ ದಪ್ಪಗೆ ಮೆತ್ತಿ, ಹುಳ ಉಸಿರಿಗಾಗಿ ಮೇಲೆ ಬಂದಾಗ ಮೆಲ್ಲಗೆ ಒತ್ತಿ ತೆಗೆದಳು. ಆ ಭಾನುವಾರ ಇವರು ಕುರ್ಚಿಗೂ ಒರಗಲಿಲ್ಲ, ನನ್ನ ಜೊತೆ ಮಾತೂ ಆಡಲಿಲ್ಲ. ಅದಕ್ಕೇ ಬನಿಯನ್, ಟವಲ್, ಚಾದರ, ಕೂಸಿನ ಬಟ್ಟೆ, ಎಲ್ಲಕ್ಕೂ ಎರಡೂ ಕಡೆ ಬಿಸಿ ಇಸ್ತ್ರಿ. ಹೊಲಿಗೆ ಇರುವ ಕಡೆ ಜಾಸ್ತಿ ಒತ್ತಿ. ಕರಿಬಾ ಅಣೆಕಟ್ಟೆಯಲ್ಲಿ ನೀರು ಇಳಿದ ವರ್ಷ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ. ಆಗ ಬಟ್ಟೆ ಮನೆಯೊಳಗೇ, ಜಾಳಿಗೆ ಹಾಕಿದ ಕಿಟಕಿ ಇರುವ ಕೋಣೆಯಲ್ಲಿ ಒಣಹಾಕಿ.

ಇಲ್ಲಿಂದ ಜೋಳದ ಹಿಟ್ಟು ಹೊತ್ತು ಒಯ್ಯಬೇಡಿ, ಹುಳ ಬೀಳುತ್ತದೆ. ತವ ಒಯ್ಯಿರಿ, ಕುಕ್ಕರ್ ಒಯ್ಯಿರಿ, ಕುಕ್ಕರಿನ ರಬ್ಬರ್ ಮಾತ್ರ ನಾಲ್ಕಾದರೂ ಜಾಸ್ತಿ ಇಟ್ಟುಕೊಳ್ಳಿ. ತೊಗರಿಬೇಳೆ ರಾಜಧಾನಿ ಲುಸಾಕಾದ ಗುಜರಾತಿಗಳ ಅಂಗಡಿಯಲ್ಲಿ ಸಿಗುತ್ತದೆ, ರೇಟು ಕೇಳಿದರೆ ಎದೆ ಧಸಕ್ಕೆನ್ನುತ್ತದೆ, ಅದು ಬೇರೆ ಮಾತು. ಅಲ್ಲಿಯವರ ದಿನದ ಊಟ ಬಿಳಿ ಮೆಕ್ಕೆಜೋಳದ ಮುದ್ದೆ, ಅದಕ್ಕೆ ನ್ಶೀಮಾ ಅಂತಾರೆ. ಅದೇ ಹಿಟ್ಟಿನಲ್ಲಿ ನಾನು ರೊಟ್ಟಿ ಬಡಿದೆ. ಬ್ರೇಕ್‌ಫಾಸ್ಟ್ ಅಂತ ಬರೆದ ಚೀಲ ತನ್ನಿ, ಅದೇ ನುಣ್ಣಗೆ. ಉಪ್ಪು ಹಾಕಿದ ನೀರು ಕುದಿಯುವಾಗಲೇ ಹಿಟ್ಟು ಹಾಕಿ ಮುಚ್ಚಿಡಿ, ಕೈ ಸುಡುವಷ್ಟು ಬಿಸಿ ಇರುವಾಗಲೇ ನಾದಿ. ಅಂಚು ಬಿರಿಯುತ್ತದೆ, ಬಿರಿಯಲಿ ಬಿಡಿ. ಸೊಪ್ಪಿಗೆ ಶೇಂಗಾ ಪುಡಿ ಹಾಕಿ ಇಫಿಸಾಶಿ ಅಂತ ಮಾಡುತ್ತಾರೆ, ತಿಂದರೆ ಊರೇ ನೆನಪಾಗುತ್ತದೆ. ಲುಮಾಂಡಾ ಅನ್ನುವ ಹುಳಿ ಸೊಪ್ಪು ಕಂಡರೆ ಬಿಡಬೇಡಿ, ನಮ್ಮ ಪುಂಡಿಪಲ್ಯದ ಬಳಗವೇ ಅದು.

ಸ್ವೆಟರ್ ಒಯ್ಯಿರಿ. ಆಫ್ರಿಕಾ ಅಂದರೆ ಬರೀ ಬಿಸಿಲು ಅಂತ ನಾನೂ ಹಾಗೇ ಹೋದೆ. ಲುಸಾಕಾ ಸುಮಾರು 1,280 ಮೀಟರ್ ಎತ್ತರದಲ್ಲಿದೆ, ಜೂನ್ ಜುಲೈ ರಾತ್ರಿ ಹಲ್ಲು ಕಟಕಟ ಅನ್ನುತ್ತವೆ. ಇಲ್ಲಿ ಮುಂಗಾರು, ಅಲ್ಲಿ ಚಳಿ. ಅಲ್ಲಿಯ ಮಳೆ ನವೆಂಬರಿನಿಂದ ಏಪ್ರಿಲ್. ಆಗ ಮಲೇರಿಯಾ ಜಾಸ್ತಿ, ಸೊಳ್ಳೆ ಪರದೆ ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ. ಅಲ್ಲಿಯ ಸಾಕೆಟ್ ಹೆಚ್ಚಾಗಿ ಚಪ್ಪಟೆ ಮೂರು ಕಡ್ಡಿಯದು, ಅದಕ್ಕೆ ನಮ್ಮ ದುಂಡು ಕಡ್ಡಿ ಹೋಗುವುದಿಲ್ಲ.

ತಂಗಿ, ನಿನಗೆ ಒಂದು ಮಾತು. ಅಲ್ಲಿಗೆ ಹೋದ ಮೊದಲ ವಾರವೇ ಚಿತೆಂಗೆ ಎರಡು ಕೊಂಡುಕೋ. ಸೊಂಟಕ್ಕೆ ಸುತ್ತುವ ಅಚ್ಚಿನ ಬಟ್ಟೆ ಅದು, ಎರಡು ಮೀಟರ್ ಇರುತ್ತದೆ. ಸಾವಿನ ಮನೆಗೆ ಅದಿಲ್ಲದೆ ಹೋಗಬಾರದು, ಮತ್ತೆ ಸಾವು ನಿನ್ನ ಸಂತೆ ಆಗುವ ತನಕ ಕಾಯುವುದಿಲ್ಲ. ಹೋದಾಗ ಹೆಂಗಸರ ಜೊತೆ ನೆಲದ ಮೇಲೆ ಕೂಡು. ಭಾಷೆ ಬರದಿದ್ದರೂ ನಡೆಯುತ್ತದೆ. ನನಗೆ ನಾಲ್ಕು ಗೆಳತಿಯರು ಸಿಕ್ಕಿದ್ದು ಸಭೆಯಲ್ಲಲ್ಲ, ಅಂಥ ಒಂದು ಅಂಗಳದಲ್ಲಿ.

ತಮ್ಮಾ, ಇದು ನಿನಗೆ. ಸಭೆಯವರಿಗೆ ಬಾಗಿಲು ತೆರೆದಿರಲಿ, ಬೇಡ ಅನ್ನುವುದಿಲ್ಲ. ಆದರೆ ಸೋಮವಾರ ಬಾಗಿಲು ಹಾಕಿಬಿಡು. ನಮ್ಮವರು ಮೊದಲ ಎರಡು ವರ್ಷ ಹಾಕಲಿಲ್ಲ. ಊರೆಲ್ಲಾ ಸಮಾಧಾನ ಹೇಳಿ ರಾತ್ರಿ ಬಂದು ನನ್ನ ಮೇಲೆ ರೇಗುತ್ತಿದ್ದರು, ನಾನೋ ಜಗಳ ಆಡಿ ತವರಿಗೆ ಹೋಗೋಣ ಅಂದರೆ ತವರು ಸಮುದ್ರದ ಆಚೆ. ಮೂರನೇ ವರ್ಷ ಸೋಮವಾರ ಇವರ ಕೈಗೆ ಈಳಿಗೆ ಕೊಟ್ಟೆ. ಉಳ್ಳಾಗಡ್ಡಿ ಹೆಚ್ಚುತ್ತಾ ಮಾತಾಡಿದೆವು. ಕಣ್ಣಲ್ಲಿ ನೀರು ಬಂದರೆ ಉಳ್ಳಾಗಡ್ಡಿಯದು ಅನ್ನಬಹುದಲ್ವಾ.

ದುಡ್ಡು ತಡವಾಗಿ ಬರುವ ತಿಂಗಳು ಇದ್ದೇ ಇರುತ್ತದೆ, ಒಂದು ತಿಂಗಳ ಖರ್ಚು ಡಬ್ಬಿಯಲ್ಲಿ ಬೇರೆ ಇಡಿ.

ಮತ್ತೆ ಫೋನು. ನಮ್ಮ ಗಡಿಯಾರ ಮೂರೂವರೆ ಗಂಟೆ ಮುಂದೆ. ನಿಮ್ಮವ್ವ ಒಂಬತ್ತಕ್ಕೆ ಮಲಗುತ್ತಾಳೆ, ಅಲ್ಲಿ ಸಂಜೆ ಐದೂವರೆಯೊಳಗೆ ಹಚ್ಚಿ.