ಗೇಮ್ ಲ್ಯಾಗ್ ಆಗ್ತಿದ್ಯಾ? ಮೊದಲು ವೈಫೈ ನೋಡಿ
ಆಟದ ನಡುವೆ ಲ್ಯಾಗ್ ಬಂತೆಂದು ದುಬಾರಿ ಪ್ಲಾನ್ ಹಾಕಿಸಿಕೊಳ್ಳಬೇಡಿ. ಬರೀ ಆಡೋದಕ್ಕೆ 50 ಎಂಬಿಪಿಎಸ್ ಧಾರಾಳ. ತೊಂದರೆ ಮನೆಯೊಳಗಿನದೋ ಹೊರಗಿನ ಲೈನಿನದೋ, ಅದನ್ನು ಪತ್ತೆ ಮಾಡಿ. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ರೂಟರಿಗೆ ಪಿಂಗ್ ಕೊಡಿ, ಅಂದರೆ ping ಎಂದು ಟೈಪಿಸಿ ಮುಂದೆ ರೂಟರಿನ ವಿಳಾಸ ಹಾಕಿ; ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ತೋರಿಸುತ್ತದೆ. ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರಬೇಕು. 3, 4, 180, 6 ಅಂತ ಕುಣಿದರೆ ವೈಫೈಯೇ ಕಳ್ಳ.

ಆಗ ವೈಫೈಯನ್ನು 2.4 ಗಿಗಾಹರ್ಟ್ಸ್ ಬ್ಯಾಂಡಿನಿಂದ 5 ಗಿಗಾಹರ್ಟ್ಸ್ ಬ್ಯಾಂಡಿಗೆ ಬದಲಿಸಿ. ಎರಡು ಗೋಡೆ ದಾಟುವಷ್ಟರಲ್ಲಿ ಅದು ಸೊರಗುತ್ತದೆ, ನಿಜ. 2.4ರಲ್ಲೇ ಇರಬೇಕಾದರೆ ಚಾನೆಲ್ 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ. ಅಡುಗೆಮನೆಯ ಮೈಕ್ರೋವೇವ್ ಗಲಾಟೆ ಮಾಡುವುದೂ ಇದೇ ಬ್ಯಾಂಡಿನಲ್ಲಿ. ರೂಟರಿನಿಂದ ಕ್ಯಾಟ್ 5ಇ ಎಂಬ ನೆಟ್‌ವರ್ಕ್ ಕೇಬಲ್ ಎಳೆದುಬಿಟ್ಟರೆ ಈ ರಗಳೆಯೇ ಇಲ್ಲ. 100 ಮೀಟರ್‌ವರೆಗೂ ಗಿಗಾಬಿಟ್ ವೇಗದಲ್ಲಿ (1000 ಎಂಬಿಪಿಎಸ್) ಓಡುತ್ತದೆ.

ರೂಟರ್ ಪಿಂಗ್ ಸರಿಯಿದ್ದು, ಯಾರದೋ ಫೋನು ಫೋಟೋ ಬ್ಯಾಕಪ್ ಮಾಡುವಾಗ ಮಾತ್ರ ಆಟ ತಡವರಿಸಿದರೆ, ಅಪ್‌ಲೋಡ್ ಸರದಿ (ಹೊರಹೋಗಲು ಕಾಯುವ ಡೇಟಾದ ಸಾಲು) ತುಂಬಿಹೋಗಿದೆ ಅಂತ ಅರ್ಥ. ರೂಟರಿನ ಕ್ಯೂಒಎಸ್‌ನಲ್ಲಿ (ಯಾವ ಬಳಕೆಗೆ ಎಷ್ಟು ವೇಗ ಅಂತ ಹಂಚುವ ಸೆಟ್ಟಿಂಗ್) ಅಪ್‌ಲೋಡ್ ಮಿತಿಯನ್ನು, ಬಿಲ್ಲಿನಲ್ಲಿ ಬರೆದಿರುವುದರ ಲೆಕ್ಕದಲ್ಲಲ್ಲ, ಅಳೆದು ನೋಡಿದಾಗ ಸಿಗುವ ವೇಗದ ಶೇ. 85–90ಕ್ಕೆ ಇಳಿಸಿ.